ಮಾತು ಬರುವ ಮೊದಲೇ ಮಗುವಿಗೆ ಕೈಸನ್ನೆ ಕಲಿಸುವುದು: ನಿಜಕ್ಕೂ ಉಪಯೋಗ ಇದೆಯಾ?

ಪಾಪು ಅಮ್ಮ

ಮಗಳಿಗೆ ಈಗ 9 ತಿಂಗಳು. ಅದೇ ವಯಸ್ಸಿನ ಮಕ್ಕಳಿರುವ ಇಬ್ಬರು ಗೆಳತಿಯರು 'ಬೇಬಿ ಸೈನ್' ಕ್ಲಾಸಿಗೆ ಸೇರಿದ್ದಾರೆ. ಹಾಲು, ನೀರು, ಇನ್ನೂ ಬೇಕು, ಸಾಕು, ಎತ್ತಿಕೋ, ಇಂಥದ್ದಕ್ಕೆಲ್ಲ ಕೈಸನ್ನೆ ಹೇಳಿಕೊಡುತ್ತಾರಂತೆ. ಮಾತು ಬೇಗ ಬರುತ್ತದೆ, ಬುದ್ಧಿ ಚುರುಕಾಗುತ್ತದೆ, ಹಟ ಕಡಿಮೆಯಾಗುತ್ತದೆ ಅಂತ ಜಾಹೀರಾತು. ಫೀಸೂ ಜೋರಾಗಿಯೇ ಇದೆ.

ನಮ್ಮ ಅತ್ತೆ ಒಂದೇ ಮಾತು ಕೇಳಿದರು: "ಕೈಯಲ್ಲೇ ಕೆಲಸ ಆಗಿಬಿಟ್ಟರೆ ಮಗು ಬಾಯಿ ಯಾಕೆ ಬಿಡುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾಡಿ ನೋಡಿದವರು ಯಾರಾದರೂ ಇದ್ದೀರಾ? ಮಾತು ತಡವಾಯಿತಾ? ಕ್ಲಾಸು ಬೇಕಾ, ಮನೆಯಲ್ಲೇ ಸಾಕಾ? ಸುಮ್ನೆ ಹೊಗಳಬೇಡಿ, ಆಗಿದ್ದನ್ನು ಹೇಳಿ.

ರಾತ್ರಿಪಾಳಿ ಅಪ್ಪ

ನಾವು ಮಾಡಿದ್ದೆವು, ಕ್ಲಾಸಿಗೆ ಹೋಗದೆ. ಹಗಲು ಹೊತ್ತು ಮಗನನ್ನು ನೋಡಿಕೊಳ್ಳುವುದು ನನ್ನ ಪಾಲು. ಹಾಲಿನಿಂದ ಶುರು ಮಾಡಿದೆ. ಬಾಟಲಿ ತೋರಿಸಿ "ಹಾಲು ಬೇಕಾ?" ಅಂತ ಕೇಳುತ್ತಾ ಮುಷ್ಟಿ ಬಿಚ್ಚಿ ಮುಚ್ಚುತ್ತಿದ್ದೆ. ಅಮೆರಿಕದ ಸನ್ನೆ ಭಾಷೆಯಲ್ಲಿ ಹಾಲಿಗೆ ಅದೇ ಸನ್ನೆ, ಕೆಚ್ಚಲು ಹಿಂಡುವ ಹಾಗೆ.

ತುಂಬಾ ದಿನ ಏನೂ ಆಗಲಿಲ್ಲ. ಅವನು ನನ್ನ ಕೈ ನೋಡುತ್ತಲೇ ಇರಲಿಲ್ಲ, ಬಾಟಲಿ ನೋಡುತ್ತಿದ್ದ. ಹಸಿದವನು ಇನ್ನೇನು ನೋಡುತ್ತಾನೆ? ಆಮೇಲೆ ಬಾಟಲಿಯನ್ನು ನನ್ನ ಗಲ್ಲದ ಹತ್ತಿರ ಹಿಡಿದು, ಅದರ ಪಕ್ಕದಲ್ಲೇ ಇನ್ನೊಂದು ಕೈಯಿಂದ ಮಾಡತೊಡಗಿದೆ. ಬಾಟಲಿ, ಕೈ, ನನ್ನ ಬಾಯಿ ಮೂರೂ ಒಂದೇ ನೋಟಕ್ಕೆ ಸಿಗುವ ಹಾಗೆ.

ಒಂದು ದಿನ ಅಡುಗೆಮನೆ ಬಾಗಿಲಲ್ಲಿ ಕೂತು ಮುಷ್ಟಿ ಬಿಚ್ಚಿ ಮುಚ್ಚಿದ. ನನ್ನ ಕಡೆ ತಿರುಗಲೇ ಇಲ್ಲ. ಫ್ರಿಜ್ಜಿಗೇ ಹೇಳುತ್ತಿದ್ದ!

'ಇನ್ನೂ ಬೇಕು' ಅನ್ನಲು ಎರಡೂ ಕೈಯ ಬೆರಳ ತುದಿಗಳನ್ನು ಕೂಡಿಸಿ ಒಂದಕ್ಕೊಂದು ತಾಗಿಸಬೇಕು. ನಮ್ಮವನು ಒಂದು ತೋರುಬೆರಳಿನಿಂದ ಇನ್ನೊಂದು ಅಂಗೈ ಚುಚ್ಚುತ್ತಿದ್ದ. ಕೈಗೆ ಏನೋ ಚುಚ್ಚಿದೆ ಅಂತ ಹೆಂಡತಿ ಅಂಗೈ ತಿರುಗಿಸಿ ತಿರುಗಿಸಿ ನೋಡಿದಳು. ಅವನು ಸಿಟ್ಟಿನಲ್ಲಿ ಇನ್ನೂ ಜೋರಾಗಿ ಚುಚ್ಚಿಕೊಂಡ.

ಮಾತು ತಡವಾಗಲಿಲ್ಲ. ಬೇಗವೂ ಬರಲಿಲ್ಲ. ಎಲ್ಲ ಮಕ್ಕಳ ಹಾಗೇ ಬಂತು.

ಸಂಶಯಪ್ರಾಣಿ

ಆ 'ಬುದ್ಧಿ ಚುರುಕು' ಎಲ್ಲಿಂದ ಬಂತು ಅಂತ ಗೊತ್ತಾದರೆ ಫೀಸು ಕಟ್ಟುವ ಮೊದಲು ಯೋಚಿಸುತ್ತೀರಿ.

ಕ್ಯಾಲಿಫೋರ್ನಿಯಾದ ಲಿಂಡಾ ಅಕ್ರೆಡೊಲೊ ಮತ್ತು ಸೂಸನ್ ಗುಡ್ವಿನ್ ಎಂಬ ಮನಶ್ಶಾಸ್ತ್ರಜ್ಞೆಯರು 1980ರ ದಶಕದಲ್ಲಿ ಈ ಕೆಲಸ ಶುರು ಮಾಡಿದರು. ಅಕ್ರೆಡೊಲೊ ಅವರ ಮಗಳು ಇನ್ನೂ ಮಾತು ಬರುವ ಮೊದಲೇ ಹೂವು ಕಂಡರೆ ಮೂಗು ಸೊರಗುಟ್ಟಿಸುತ್ತಿದ್ದಳು, ಮೂಸುವ ಹಾಗೆ. ಅದು ಅವಳ ಪಾಲಿಗೆ ಹೂವಿನ ಹೆಸರೇ ಆಗಿತ್ತು. ಅಲ್ಲಿಂದ ಇವರ ಕುತೂಹಲ ಬೆಳೆಯಿತು. ಇಲ್ಲಿಯವರೆಗೆ ಚೆನ್ನಾಗಿದೆ.

2000ದಲ್ಲಿ ಇವರು ಒಂದು ಸಮ್ಮೇಳನದಲ್ಲಿ, ಸನ್ನೆ ಕಲಿತ ಮಕ್ಕಳ ಐಕ್ಯೂ 8 ವರ್ಷದ ಹೊತ್ತಿಗೆ ಸರಾಸರಿ 12 ಅಂಕ ಜಾಸ್ತಿ ಇತ್ತು ಅಂದರು. ಅದು ಸಮ್ಮೇಳನದಲ್ಲಿ ಓದಿದ ಪ್ರಬಂಧ ಅಷ್ಟೆ. ಆದರೆ ಆ 12 ಎಂಬ ಸಂಖ್ಯೆ ಜಾಹೀರಾತಿಂದ ಜಾಹೀರಾತಿಗೆ ಹಾರಿಕೊಂಡು ಬಂದಿದೆ. ಅದೇ ವರ್ಷ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸುಮಾರು 100 ಮಕ್ಕಳಿದ್ದರು, ಮೂರು ಗುಂಪು. 11 ತಿಂಗಳಿಗೆ ಶುರು. ನಡುವೆ ಕೆಲವು ವಯಸ್ಸಿನಲ್ಲಿ ಸನ್ನೆ ಗುಂಪಿನವರು ಮುಂದಿದ್ದರು. 36 ತಿಂಗಳ ಹೊತ್ತಿಗೆ ಆ ಅಂತರ ಹೆಚ್ಚುಕಡಿಮೆ ಕರಗಿಹೋಗಿತ್ತು.

2005ರಲ್ಲಿ ಕೆನಡಾದ ಮೂವರು ಸಂಶೋಧಕಿಯರು ಅದುವರೆಗಿನ 17 ವರದಿಗಳನ್ನು ಕೂತು ಜಾಲಾಡಿದರು. ಬಹುಪಾಲು ವರದಿಗಳಲ್ಲಿ ವಿಧಾನವೇ ಸಡಿಲ. ಲಾಭ ಇದೆ ಅನ್ನುವಷ್ಟು ಗಟ್ಟಿ ಪುರಾವೆ ಇಲ್ಲ ಅಂದರು.

2013ರಲ್ಲಿ ಬ್ರಿಟನ್ನಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು ಸ್ವಲ್ಪ ಬಿಗಿಯಾಗಿ ಮಾಡಿದರು. 40 ಮಕ್ಕಳು. ಯಾರು ಯಾವ ಗುಂಪಿಗೆ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. 8 ತಿಂಗಳಿಂದ 20 ತಿಂಗಳವರೆಗೆ ಹಿಂಬಾಲಿಸಿದರು. ಭಾಷೆಯಲ್ಲಿ ವ್ಯತ್ಯಾಸ? ಸೊನ್ನೆ.

ಅಷ್ಟೇ ಕಥೆ. ಆ ದುಡ್ಡಲ್ಲಿ ಚಿತ್ರದ ಪುಸ್ತಕ ತನ್ನಿ.

ಅವಳಿ ಅಮ್ಮ

ಐಕ್ಯೂ ಯಾರಿಗೆ ಬೇಕು ಸ್ವಾಮಿ. ಒಂದೇ ಸಲ ಇಬ್ಬರು ಕಿರುಚುವಾಗ ಒಬ್ಬನಿಗೆ ನೀರು, ಇನ್ನೊಬ್ಬಳಿಗೆ ನಿದ್ದೆ ಅಂತ ಗೊತ್ತಾದರೆ ಸಾಕು. ನಮ್ಮನೆಯಲ್ಲಿ ಅದು ಆಯಿತು. ಪುರಾವೆ ಕೇಳಬೇಡಿ.

ಸಂಶಯಪ್ರಾಣಿ

ಕೇಳಲ್ಲ ಬಿಡಿ. ಆದರೆ ಅವರು ಆ ಹೊತ್ತಿಗೆ ಹೇಗೂ ಬೆರಳು ತೋರಿಸಿ ಕೇಳುವ ವಯಸ್ಸಿಗೆ ಬಂದಿರುತ್ತಿದ್ದರು ಅಲ್ವಾ? ಸನ್ನೆಯಿಂದ ಆಯಿತೋ, ವಯಸ್ಸಿನಿಂದ ಆಯಿತೋ ಹೇಗೆ ಹೇಳುತ್ತೀರಿ?

ಅವಳಿ ಅಮ್ಮ

ಡಯಾಪರ್ ಒದ್ದೆಯಾಗಿದೆ ಅನ್ನುವುದನ್ನು ಬೆರಳು ತೋರಿಸಿ ಹೇಳಿದ ಮಗುವನ್ನು ನಾನಂತೂ ನೋಡಿಲ್ಲ. ನಿದ್ದೆಯನ್ನೂ ಅಷ್ಟೆ. ಅದು ಕಣ್ಣೆದುರು ಇರುವ ವಸ್ತುವೇ ಅಲ್ಲವಲ್ಲ!

ಮಕ್ಕಳ ಸ್ಪೀಚ್ ಥೆರಪಿಸ್ಟ್

ಅವಳಿ ಅಮ್ಮ ಹೇಳಿದ್ದು ಸರಿಯಾದ ಪಾಯಿಂಟ್. ಎದುರಿಗಿಲ್ಲದ್ದನ್ನು ಬೆರಳು ತೋರಿಸಲು ಆಗುವುದಿಲ್ಲ. ಸನ್ನೆಗೆ ಒಂದು ಹೆಸರಿನ ಶಕ್ತಿ ಇರುತ್ತದೆ, ವಸ್ತು ಇಲ್ಲದಿದ್ದರೂ ಅದನ್ನು ಕರೆಯಬಹುದು. ಮೇಲೆ ಒಬ್ಬ ಹುಡುಗ ಮುಚ್ಚಿದ ಫ್ರಿಜ್ಜಿಗೆ ಹಾಲು ಅಂದನಲ್ಲ, ಅದೇ.

ಈಗ ಅತ್ತೆಯವರ ಪ್ರಶ್ನೆ. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಮನೆಯವರು ಇದನ್ನೇ ಕೇಳುತ್ತಾರೆ. ಸಂಶಯಪ್ರಾಣಿಯವರು ಎಣಿಸಿದ ಅಧ್ಯಯನಗಳಲ್ಲಿ ಲಾಭ ಗಟ್ಟಿಯಾಗಿ ಕಾಣದಿದ್ದರೂ, ಸನ್ನೆಯಿಂದ ಮಾತು ತಡವಾಯಿತು ಅಂತ ಯಾವುದರಲ್ಲೂ ಬಂದಿಲ್ಲ. ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ ಸನ್ನೆ, ಚಿತ್ರದ ಕಾರ್ಡು, ಮಾತಾಡುವ ಯಂತ್ರ ಕೊಟ್ಟಾಗ ಏನಾಗುತ್ತದೆ ಅಂತ 2006ರಲ್ಲಿ ಒಂದು ವಿಮರ್ಶೆ ಬಂದಿತ್ತು. ಮಾತು ಕಡಿಮೆಯಾಗಲಿಲ್ಲ. ಬಹಳಷ್ಟು ಮಕ್ಕಳಲ್ಲಿ ಸ್ವಲ್ಪ ಹೆಚ್ಚಿತು.

ಕೈ ಯಾಕೆ ಮೊದಲು ಬರುತ್ತದೆ? ಮಾತಿಗೆ ಉಸಿರು, ಗಂಟಲು, ನಾಲಿಗೆ, ತುಟಿ ಎಲ್ಲ ಒಂದೇ ಕ್ಷಣಕ್ಕೆ ಹೊಂದಬೇಕು. ಮಗು ತನ್ನ ಕೈಯನ್ನು ತಾನೇ ನೋಡಬಹುದು. ನಾಲಿಗೆ ಎಲ್ಲಿದೆ ಅಂತ ನೋಡಲು ಆಗುವುದಿಲ್ಲ. ಕೈ ಸರಿಯಾಗಿ ಬರದಿದ್ದರೆ ನಾವು ಹಿಡಿದು ತೋರಿಸಬಹುದು, ನಾಲಿಗೆಯನ್ನು ಹಾಗೆ ಹಿಡಿಯಲು ಬರುವುದಿಲ್ಲ.

ಕಲಿಸದಿದ್ದರೂ ಎಲ್ಲ ಮಕ್ಕಳೂ ಸನ್ನೆ ಮಾಡುತ್ತಾರೆ. ಜಾನಾ ಐವರ್ಸನ್, ಸೂಸನ್ ಗೋಲ್ಡಿನ್-ಮೆಡೋ 2005ರಲ್ಲಿ 10 ಮಕ್ಕಳನ್ನು ಹಿಂಬಾಲಿಸಿ ಒಂದು ಸೊಗಸಾದ ವಿಷಯ ಕಂಡರು. ಮಗು ಮೊದಲು ಕೈಯಲ್ಲಿ ಸೂಚಿಸಿದ ವಸ್ತುಗಳ ಹೆಸರೇ ಆಮೇಲೆ ಬಾಯಲ್ಲಿ ಬರುತ್ತವೆ. ಇನ್ನೂ ಒಂದು ಇದೆ. ಮಗು ಚಪ್ಪಲಿಗೆ ಬೆರಳು ತೋರಿಸಿ ಬಾಯಲ್ಲಿ "ಅಪ್ಪ" ಅನ್ನುತ್ತದೆ ಅಂದುಕೊಳ್ಳಿ. ಅರ್ಧ ಕೈಯಲ್ಲಿ, ಅರ್ಧ ಬಾಯಲ್ಲಿ, ಒಂದು ಪೂರ್ತಿ ವಾಕ್ಯ. ಹೀಗೆ ಜೋಡಿಸಲು ಯಾವ ಮಗು ಮೊದಲು ಶುರು ಮಾಡುತ್ತದೋ ಅದೇ ಎರಡು ಪದ ಸೇರಿಸಿ ಮಾತಾಡುವುದನ್ನೂ ಮೊದಲು ಶುರು ಮಾಡಿತು.

ಹಾಗಾಗಿ ಅತ್ತೆಯವರಿಗೆ ಹೇಳಿ: ಕೈ ಬಾಯಿಯ ಕೆಲಸ ಕಿತ್ತುಕೊಳ್ಳುವುದಿಲ್ಲ. ಒಂದೇ ಷರತ್ತು. ಸನ್ನೆ ಮಾಡುವಾಗ ನೀವು ಬಾಯಿಂದ ಪದವನ್ನೂ ಹೇಳಲೇಬೇಕು. ಮೂಕಾಭಿನಯ ಬೇಡ.

ಸಂಶಯಪ್ರಾಣಿ

ಒಪ್ಪಿದೆ. ಆದರೆ ನೀವು ಹೇಳಿದ್ದು ಮಕ್ಕಳು ತಾವಾಗಿ ಮಾಡುವ ಸನ್ನೆ ಬಗ್ಗೆ. ಅದನ್ನು ಹಿಡಿದುಕೊಂಡು 'ಕಲಿಸಿದ ಸನ್ನೆಯೂ ಒಳ್ಳೆಯದು' ಅಂತ ಜಿಗಿಯಲು ಆಗುವುದಿಲ್ಲ.

ಮಕ್ಕಳ ಸ್ಪೀಚ್ ಥೆರಪಿಸ್ಟ್

ಆಗುವುದಿಲ್ಲ, ನಿಜ. 2009ರ ಇನ್ನೊಂದು ಅಧ್ಯಯನವನ್ನೂ ಕ್ಲಾಸಿನವರು ಹೀಗೇ ಎಳೆಯುತ್ತಾರೆ. ಮೆರಿಡಿತ್ ರೋ ಮತ್ತು ಗೋಲ್ಡಿನ್-ಮೆಡೋ 50 ಮನೆಗಳಿಗೆ ಹೋಗಿ ನೋಡಿದರು. 14 ತಿಂಗಳಿಗೆ ಜಾಸ್ತಿ ಸನ್ನೆ ಮಾಡುತ್ತಿದ್ದ ಮಕ್ಕಳಿಗೆ 54 ತಿಂಗಳಿಗೆ ಜಾಸ್ತಿ ಪದ ಗೊತ್ತಿತ್ತು. ಆ ಮನೆಗಳಲ್ಲಿ ಅಪ್ಪ ಅಮ್ಮನೂ ಮಗುವಿನ ಜೊತೆ ಜಾಸ್ತಿ ಸನ್ನೆ ಮಾಡುತ್ತಿದ್ದರು. ಇದು ನಂಟು ಮಾತ್ರ. ಕಾರಣ ಅಂತ ಸಾಬೀತಾಗಿಲ್ಲ.

ಆದರೆ ನಿಮ್ಮ 2013ರ ಅಧ್ಯಯನದ ಉಳಿದರ್ಧ ನೀವು ಹೇಳಲಿಲ್ಲ! ಮಕ್ಕಳ ಭಾಷೆಯಲ್ಲಿ ಬದಲಾವಣೆ ಇಲ್ಲ, ಸರಿ. ಅಮ್ಮಂದಿರಲ್ಲಿ ಇತ್ತು. ಸನ್ನೆ ಗುಂಪಿನ ಅಮ್ಮಂದಿರು ಮಗುವಿನ ಮಾತಿಲ್ಲದ ಸೂಚನೆಗಳಿಗೆ ಹೆಚ್ಚು ಸ್ಪಂದಿಸುತ್ತಿದ್ದರು. ತಾನಾಗಿ ಮಾಡಲು ಮಗುವಿಗೆ ಹೆಚ್ಚು ಬಿಡುತ್ತಿದ್ದರು. ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಸನ್ನೆ ಬಂತಾ ಅಂತ ಮಗುವಿನ ಕೈ ನೋಡುತ್ತಾ ಕೂತ ಅಮ್ಮನಿಗೆ ಮಗುವಿನ ಕಣ್ಣು, ಭುಜ, ಉಸಿರು ಎಲ್ಲ ಕಾಣಲು ಶುರುವಾಗುತ್ತದೆ.

ಸಂಶಯಪ್ರಾಣಿ

ಅಂದರೆ ಕ್ಲಾಸು ಮಗುವಿಗಲ್ಲ, ದೊಡ್ಡವರಿಗೆ. ಇದನ್ನು ಜಾಹೀರಾತಲ್ಲಿ ಹಾಕಲಿ ನೋಡೋಣ, ಎಷ್ಟು ಜನ ಸೇರುತ್ತಾರೆ.

ಮೊಮ್ಮಗಳ ಅಜ್ಜಿ

ನೀವೆಲ್ಲ ಇಷ್ಟು ಇಸವಿ ಹೇಳುತ್ತಿದ್ದೀರಿ. ಟಾಟಾ ಮಾಡು, ಚಪ್ಪಾಳೆ ತಟ್ಟು, ಬೇಡ ಅಂದರೆ ತಲೆ ಆಡಿಸು, ಇವನ್ನು ಯಾವ ಕ್ಲಾಸಿನಲ್ಲಿ ಕಲಿತೆವು? ಇದಕ್ಕೆ ಹೊಸ ಹೆಸರಿಟ್ಟು ಫೀಸು ತೆಗೆದುಕೊಳ್ಳುತ್ತಾರೆ ಅಷ್ಟೆ. ಜಾಣರು!

ಆದರೆ ಒಂದು ಮಾತು. 'ಸಾಕು' ಅನ್ನುವುದನ್ನು ನಾವು ಕಲಿಸಲಿಲ್ಲ. ಬಾಯಿ ತಿರುಗಿಸಿದರೂ ತುರುಕಿದೆವು. ಈಗ ಮೊಮ್ಮಗಳು ಎರಡೂ ಅಂಗೈ ಹೊರಕ್ಕೆ ತಿರುಗಿಸಿ ಆಡಿಸಿ ಸಾಕು ಅನ್ನುತ್ತಾಳೆ. ಅವಳಮ್ಮ ತಟ್ಟೆ ಎತ್ತಿಬಿಡುತ್ತಾಳೆ. ನನಗೆ ಇನ್ನೊಂದು ತುತ್ತು ಕೊಡಬೇಕು ಅನ್ನಿಸುತ್ತದೆ, ಆದರೆ ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಹೇಗೆ ಕೊಡುವುದು?

ಪಾಪು ಅಮ್ಮ

ಅಜ್ಜಿ, ನಿಮ್ಮ ಕಾಮೆಂಟನ್ನು ಅತ್ತೆಗೆ ಓದಿ ಹೇಳಿದೆ. ನಕ್ಕರು. ಅವರು ಈಗ ಅರ್ಧ ನಮ್ಮ ಕಡೆ!

ಥೆರಪಿಸ್ಟ್ ಮೇಡಂ, ಮನೆಯಲ್ಲೇ ಮಾಡುವುದಾದರೆ ಹೇಗೆ ಶುರು ಮಾಡಬೇಕು? ಮಗಳು ನನ್ನ ಕೈ ನೋಡುವುದೇ ಇಲ್ಲ.

ಮಕ್ಕಳ ಸ್ಪೀಚ್ ಥೆರಪಿಸ್ಟ್

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ದಿನಕ್ಕೆ ಹತ್ತಾರು ಸಲ ತಾನಾಗಿ ಬರುವ ಎರಡೋ ಮೂರೋ ವಿಷಯ ಆರಿಸಿಕೊಳ್ಳಿ. ಅದರಲ್ಲಿ ಒಂದಾದರೂ ಮಗುವಿಗೆ ತುಂಬಾ ಇಷ್ಟದ್ದಾಗಿರಲಿ. ಎಲ್ಲರೂ ಹಾಲು, ನೀರು ಅಂತ ಹೋಗುತ್ತಾರೆ. ಆದರೆ ಬೆಕ್ಕಿಗೋ ದೀಪಕ್ಕೋ ಫ್ಯಾನಿಗೋ ಮಗು ಬೇಗ ಸನ್ನೆ ಕಲಿಯುವುದುಂಟು, ಯಾಕೆಂದರೆ ಅದರ ಬಗ್ಗೆ 'ಹೇಳಬೇಕು' ಅನ್ನಿಸುತ್ತದೆ. ಕೇಳುವುದಕ್ಕೆ ಮಾತ್ರ ಸನ್ನೆ ಕಲಿಸಿದರೆ ಭಾಷೆ ಬರೀ ಅರ್ಜಿ ಹಾಕುವ ಸಾಧನ ಆಗಿಬಿಡುತ್ತದೆ.

ಕೈ ನೋಡುವುದಿಲ್ಲ ಅಂದಿರಿ. ಕಿವುಡ ತಾಯಂದಿರು ಇದಕ್ಕೆ ಏನು ಮಾಡುತ್ತಾರೆ ನೋಡಿ. ಮಗು ತಮ್ಮ ಕಡೆ ನೋಡಲಿ ಅಂತ ಕಾಯುತ್ತಾರೆ, ಇಲ್ಲವೇ ಸನ್ನೆಯನ್ನೇ ಮಗು ನೋಡುತ್ತಿರುವ ಕಡೆಗೆ ಒಯ್ಯುತ್ತಾರೆ. ಆಟಿಕೆ ನೋಡುತ್ತಿದ್ದರೆ ಆಟಿಕೆಯ ಪಕ್ಕದಲ್ಲೇ ಕೈ. ಕೆಲವು ಸಲ ಮಗುವಿನ ಮೈ ಮೇಲೇ ಸನ್ನೆ ಮಾಡುತ್ತಾರೆ. ಜಪಾನಿನ ಕಿವುಡ ತಾಯಂದಿರನ್ನು ನೋಬುವೊ ಮಸಟಾಕಾ 1992ರಲ್ಲಿ ಅಧ್ಯಯನ ಮಾಡಿದಾಗ, ಮಗುವಿಗೆ ಮಾಡುವ ಸನ್ನೆ ದೊಡ್ಡದು, ನಿಧಾನ, ಮತ್ತೆ ಮತ್ತೆ ಬರುತ್ತದೆ ಅಂತ ಕಂಡಿತು. ನಾವು ರಾಗ ಎಳೆದು ಪಾಪುವಿಗೆ ಮಾತಾಡುತ್ತೇವಲ್ಲ, ಅದು ಕೈಯಲ್ಲೂ ಇದೆ.

ಮಗು ಮಾಡುವ ಸನ್ನೆ ನಿಮ್ಮದರ ಹಾಗೆ ಇರುವುದಿಲ್ಲ. ಮೈಯ ಯಾವ ಜಾಗದಲ್ಲಿ ಮಾಡಬೇಕು ಅನ್ನುವುದು ಬೇಗ ಸರಿಯಾಗುತ್ತದೆ. ಬೆರಳುಗಳ ಆಕಾರ ತುಂಬಾ ತಡ. ಮಣಿಕಟ್ಟು ತಿರುಗಿಸುವ ಕಡೆ ಇಡೀ ತೋಳು ಬೀಸುತ್ತದೆ. 'ಇನ್ನೂ ಬೇಕು' ಬದಲು ಅಂಗೈ ಚುಚ್ಚುವುದು, ಚಪ್ಪಾಳೆ ಹೊಡೆಯುವುದು ನಾನು ತುಂಬಾ ನೋಡಿದ್ದೇನೆ. ತಿದ್ದಬೇಡಿ. "ಇನ್ನೂ ಬೇಕಾ? ತಗೋ" ಅಂತ ನಿಮ್ಮದನ್ನು ಸರಿಯಾಗಿ ಮಾಡಿ ತೋರಿಸಿ ಕೊಟ್ಟುಬಿಡಿ. ಮೊದಲು ಸನ್ನೆ ಮಾಡು, ಆಮೇಲೆ ಕೊಡುತ್ತೇನೆ ಅಂತ ಹಸಿದ ಮಗುವಿನ ಮುಂದೆ ಬಾಟಲಿ ಹಿಡಿದು ಆಡಿಸುವುದಂತೂ ಬೇಡವೇ ಬೇಡ.

9 ತಿಂಗಳು ಒಳ್ಳೆಯ ವಯಸ್ಸು. ಇಂದು ಶುರು ಮಾಡಿದರೆ ಮುಂದಿನ ವಾರ ಬರುವುದಿಲ್ಲ. ಹಲವು ಮಕ್ಕಳಿಗೆ ಒಂದೆರಡು ತಿಂಗಳಾದರೂ ಬೇಕು.

ಕೇಳುವ ಮಗಳು

ತುಂಬಾ ಹೊತ್ತಿನಿಂದ ಓದುತ್ತಿದ್ದೇನೆ. ನನ್ನ ಅಪ್ಪ ಅಮ್ಮ ಇಬ್ಬರೂ ಕಿವುಡರು. ನನ್ನ ಮೊದಲ ಭಾಷೆ ಸನ್ನೆ ಭಾಷೆ. ಮಾತು ಅಜ್ಜ ಅಜ್ಜಿ, ಅಕ್ಕಪಕ್ಕದವರಿಂದ ಬಂತು. ಎರಡೂ ಸರಿಯಾಗಿ ಬಂದವು, ನನ್ನ ಹಾಗಿರುವ ಬಹುತೇಕರಿಗೆ ಹೀಗೇ.

ಒಂದು ವಿಷಯ ಚುಚ್ಚುತ್ತದೆ. ಹತ್ತು ಹದಿನೈದು ಕೈಸನ್ನೆಗೆ 'ಸನ್ನೆ ಭಾಷೆ' ಅನ್ನಬೇಡಿ. ನಿಜವಾದ ಸನ್ನೆ ಭಾಷೆಯಲ್ಲಿ ವ್ಯಾಕರಣ ಇದೆ. ಹುಬ್ಬು ಏರಿಸಿದರೆ ಅದೇ ವಾಕ್ಯ ಪ್ರಶ್ನೆಯಾಗುತ್ತದೆ. ಯಾರು ಯಾರಿಗೆ ಕೊಟ್ಟರು ಅನ್ನುವುದು ಕೈ ಯಾವ ಕಡೆಯಿಂದ ಯಾವ ಕಡೆಗೆ ಸಾಗಿತು ಅನ್ನುವುದರಲ್ಲೇ ಬರುತ್ತದೆ. 1960ರಲ್ಲಿ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆ ಭಾಷೆಯನ್ನು ಬಿಡಿಸಿ ತೋರಿಸುವವರೆಗೆ ವಿದ್ವಾಂಸರೂ ಅದನ್ನು ಬರೀ ಹಾವಭಾವ ಅಂದುಕೊಂಡಿದ್ದರು.

ಮಕ್ಕಳಿಗೆ ಅದು ಎಷ್ಟು ಸಹಜ ಅಂದರೆ, ಕಿವುಡ ಮಕ್ಕಳು ಕೈಯಲ್ಲೇ ತೊದಲುತ್ತಾರೆ. ಮಾತು ಕೇಳುವ ಮಕ್ಕಳು 'ಬಬಬ' ಅನ್ನುವ ಕಾಲಕ್ಕೆ ಇವರು ಅರ್ಥವಿಲ್ಲದ ಕೈ ಆಕಾರಗಳನ್ನು ಲಯಬದ್ಧವಾಗಿ ಮತ್ತೆ ಮತ್ತೆ ಮಾಡುತ್ತಾರೆ. ಲಾರಾ ಆನ್ ಪೆಟಿಟೊ, ಪೌಲಾ ಮ್ಯಾರೆಂಟೆಟ್ ಇದನ್ನು 1991ರಲ್ಲಿ ದಾಖಲಿಸಿದರು.

ಈಗ ನನಗೆ ಸಿಟ್ಟು ಬರುವ ಭಾಗ. 1880ರಲ್ಲಿ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆ ಬೇಡ, ಮಾತೇ ಕಲಿಸಬೇಕು ಅಂತ ಅಲ್ಲಿ ನಿರ್ಣಯ ಆಯಿತು. ಅದರ ನೆರಳು ಎಷ್ಟೋ ದೇಶಗಳ ಶಾಲೆಗಳ ಮೇಲೆ ಬಿತ್ತು. ಕೈ ಕಟ್ಟಿಸಿ ಕೂರಿಸಿದ್ದೂ ಇದೆ. ಅದೇ ಸಮ್ಮೇಳನದ ಪರಂಪರೆಯವರು 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಹೇಳಿದರು. 130 ವರ್ಷ ಬೇಕಾಯಿತು.

ಇವತ್ತು ಕಿವಿ ಕೇಳುವ ಮಗುವಿಗೆ ಸನ್ನೆ ಅಂದರೆ ಬುದ್ಧಿವಂತಿಕೆ, ಫೀಸು ಕಟ್ಟಿ ಕಲಿಸುತ್ತಾರೆ. ಕಿವಿ ಕೇಳದ ಮಗುವಿಗೆ ಸನ್ನೆ ಅಂದರೆ "ಆಮೇಲೆ ಮಾತು ಕಲಿಯಲ್ಲ" ಅನ್ನುತ್ತಾರೆ. ಯಾವ ಮಗುವಿಗೆ ಅದು ಅನ್ನ ನೀರಿನಷ್ಟು ಬೇಕೋ ಅದಕ್ಕೇ ತಡೆ. ಅಮೆರಿಕದ ಲೆಕ್ಕದಲ್ಲಿ 1000 ಮಕ್ಕಳಲ್ಲಿ 2ರಿಂದ 3 ಮಕ್ಕಳು ಕಿವಿಯ ತೊಂದರೆಯೊಂದಿಗೆ ಹುಟ್ಟುತ್ತಾರೆ. ಅವರಲ್ಲಿ 90%ಗಿಂತ ಹೆಚ್ಚಿನವರ ಅಪ್ಪ ಅಮ್ಮನಿಗೆ ಕಿವಿ ಕೇಳುತ್ತದೆ, ಸನ್ನೆ ಬರುವುದಿಲ್ಲ. ಹೀಗಾಗಿ ಮನೆ ತುಂಬ ಜನ ಇದ್ದರೂ ಮಗುವಿಗೆ ಅರ್ಥವಾಗುವ ಭಾಷೆ ಒಂದೂ ಇರುವುದಿಲ್ಲ.

ಅವಳಿ ಅಮ್ಮ

ಇದನ್ನು ಯೋಚಿಸಿಯೇ ಇರಲಿಲ್ಲ. ಬರೆದಿದ್ದಕ್ಕೆ ಥ್ಯಾಂಕ್ಸ್. ಕಾಕ್ಲಿಯರ್ ಇಂಪ್ಲಾಂಟ್ (ಸದ್ದು ಕೇಳಿಸಲು ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಯಂತ್ರ) ಹಾಕಿಸಿದರೆ ಸನ್ನೆ ನಿಲ್ಲಿಸಬೇಕು ಅನ್ನುತ್ತಾರಲ್ಲ, ಅದು ನಿಜವಾ?

ಕೇಳುವ ಮಗಳು

ಹಾಗೆ ಹೇಳುವವರು ಇದ್ದಾರೆ. ಹುಟ್ಟಿನಿಂದ ಸನ್ನೆ ನೋಡಿ ಬೆಳೆದು, ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳ ಮಾತನ್ನು 2014ರಲ್ಲಿ ಒಂದು ತಂಡ ಪರೀಕ್ಷಿಸಿತು. ಕಿವುಡ ಅಪ್ಪ ಅಮ್ಮನ, ಕಿವಿ ಕೇಳುವ ಮಕ್ಕಳಿಗೆ ಸಮವಾಗಿಯೇ ಅವರು ಮಾತಾಡುತ್ತಿದ್ದರು. ಚಿಕ್ಕ ಅಧ್ಯಯನ, ಐದೇ ಮಕ್ಕಳು. ಸಂಶಯಪ್ರಾಣಿಯವರು ಕೇಳುವ ಮೊದಲೇ ಹೇಳಿಬಿಟ್ಟೆ.

ಸಂಶಯಪ್ರಾಣಿ

ಕೇಳಬೇಕು ಅಂತಲೇ ಟೈಪ್ ಮಾಡುತ್ತಿದ್ದೆ. ನಿಮ್ಮ ಮೊದಲ ಪೋಸ್ಟಿಗೆ ಮಾತ್ರ ನನ್ನದು ಏನೂ ತಕರಾರಿಲ್ಲ.

ಚಿಂತೆಯಲ್ಲಿರುವ ಅಪ್ಪ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಮಗನಿಗೆ 14 ತಿಂಗಳು. ಬೆರಳು ತೋರಿಸುವುದಿಲ್ಲ. ಟಾಟಾ ಮಾಡುವುದಿಲ್ಲ. ಹೆಸರು ಕರೆದರೆ ಒಂದೊಂದು ಸಲ ಮಾತ್ರ ತಿರುಗುತ್ತಾನೆ. ಬಾಗಿಲು ದಡ್ ಅಂದರೆ ಬೆಚ್ಚುತ್ತಾನೆ, ಹಾಗಾಗಿ ಕಿವಿ ಸರಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ಹುಟ್ಟಿದಾಗ ಕಿವಿ ಪರೀಕ್ಷೆಯೂ ಪಾಸ್. ಸನ್ನೆ ಕಲಿಸಿದರೆ ಸರಿಹೋಗಬಹುದಾ?

ಮಕ್ಕಳ ಸ್ಪೀಚ್ ಥೆರಪಿಸ್ಟ್

ಕ್ಷಮೆ ಯಾಕೆ, ಕೇಳಿದ್ದು ಒಳ್ಳೆಯದಾಯಿತು. ಸನ್ನೆ ಶುರು ಮಾಡಿ, ತೊಂದರೆ ಇಲ್ಲ. ಆದರೆ ಸನ್ನೆ ಕಲಿಸಿ ನೋಡೋಣ ಅಂತ ಕಾಯಬೇಡಿ. ಮೊದಲು ಮಕ್ಕಳ ಡಾಕ್ಟರ್, ಜೊತೆಗೆ ಆಡಿಯಾಲಜಿಸ್ಟ್ ಹತ್ತಿರ ಕಿವಿ ಪರೀಕ್ಷೆ.

ಬಾಗಿಲ ಸದ್ದಿಗೆ ಬೆಚ್ಚುವುದು ಪುರಾವೆ ಅಲ್ಲ. ದೊಡ್ಡ ಸದ್ದು ಕೇಳಿ, ಮಾತಿನ ಸಣ್ಣ ಧ್ವನಿಗಳು ಕೇಳದಿರಬಹುದು. ನೆಲದ ಕಂಪನಕ್ಕೂ ಬೆಚ್ಚಬಹುದು. ಹುಟ್ಟಿದಾಗ ಪಾಸ್ ಆದ ಕಿವಿ ಆಮೇಲೆ ಮಂದವಾಗುವುದುಂಟು, ಕಿವಿಯೊಳಗೆ ನೀರು ತುಂಬಿಕೊಂಡೂ ಹಾಗಾಗುತ್ತದೆ.

ಕಿವಿ ಸರಿ ಇದೆ ಅಂತ ಬಂದರೂ ಅಲ್ಲಿಗೆ ನಿಲ್ಲಿಸಬೇಡಿ. 12 ತಿಂಗಳಿಗೆ ಬೆರಳು ತೋರಿಸುವುದು, ಕೈ ಬೀಸುವುದು ಯಾವುದೂ ಇಲ್ಲ, ಅಥವಾ ತೊದಲು ಇಲ್ಲ ಅಂದರೆ ಬೆಳವಣಿಗೆಯ ತಪಾಸಣೆ ಆಗಬೇಕು. 16 ತಿಂಗಳಿಗೆ ಒಂದೂ ಪದ ಇಲ್ಲದಿದ್ದರೆ, 24 ತಿಂಗಳಿಗೆ ತಾನಾಗಿ ಎರಡು ಪದ ಸೇರಿಸದಿದ್ದರೆ, ಇನ್ನು ಬಂದ ಮಾತೋ ಸನ್ನೆಯೋ ಯಾವ ವಯಸ್ಸಿನಲ್ಲೇ ಆಗಲಿ ಮಾಯವಾದರೆ, ಆಗಲೂ ಅಷ್ಟೆ. "ಗಂಡು ಮಕ್ಕಳಿಗೆ ಮಾತು ತಡ" ಅಂತ ಸಮಾಧಾನ ಹೇಳುವವರು ನಾಳೆ ಜೊತೆಗೆ ಬರುವುದಿಲ್ಲ.

ಇದು ಇಂಥದ್ದೇ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಬೇಗ ನೋಡಿಸಿದರೆ ನಷ್ಟವಂತೂ ಇಲ್ಲ. ನವಜಾತ ಮಕ್ಕಳ ಕಿವಿಗೆ ತಜ್ಞರು ಪಾಲಿಸುವ ಲೆಕ್ಕವೇ 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ತೊಂದರೆ ಏನು ಅಂತ ಖಚಿತ, ಆರರೊಳಗೆ ಸಹಾಯ ಶುರು. ಅಷ್ಟು ಅವಸರ ಸುಮ್ನೆ ಅಲ್ಲ.

ಚಿಂತೆಯಲ್ಲಿರುವ ಅಪ್ಪ

ನಾಳೆಯೇ ಫೋನ್ ಮಾಡುತ್ತೇನೆ. ಥ್ಯಾಂಕ್ಸ್ ಮೇಡಂ.

ನಿಧಾನ ನಡಿಗೆ

ನಮ್ಮ ಮಗಳಿಗೆ ಡೌನ್ ಸಿಂಡ್ರೋಮ್. ನಮ್ಮಂಥವರಿಗೆ ಇದು ಶೋಕಿ ಅಲ್ಲ ಅಂತ ಹೇಳಿ ಹೋಗುತ್ತೇನೆ. ಅವಳಿಗೆ ಅರ್ಥವಾಗುವುದು ತುಂಬಾ, ಬಾಯಲ್ಲಿ ಬರುವುದು ಸ್ವಲ್ಪ. ಆ ನಡುವಿನ ಜಾಗದಲ್ಲಿ ಸನ್ನೆ ನಿಂತಿತು. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಮಾರ್ಗರೆಟ್ ವಾಕರ್ ಎಂಬ ಸ್ಪೀಚ್ ಥೆರಪಿಸ್ಟ್ ರೂಪಿಸಿದ ಮಕಾಟನ್ ಪದ್ಧತಿ ಹೀಗೇ: ಪೂರ್ತಿ ವಾಕ್ಯ ಬಾಯಲ್ಲಿ ಹೇಳಿ, ಮುಖ್ಯ ಪದಕ್ಕೆ ಮಾತ್ರ ಸನ್ನೆ. ಪದ ಸ್ಪಷ್ಟವಾದ ಮೇಲೆ ಅವಳೇ ಆ ಸನ್ನೆ ಬಿಟ್ಟಳು. ನಾವು ಬಿಡಿಸಲಿಲ್ಲ.

ರಾತ್ರಿಪಾಳಿ ಅಪ್ಪ

ನಮ್ಮಲ್ಲೂ ಹಾಗೇ ಉದುರಿದವು. ಮೊದಲು ಸನ್ನೆ, ಆಮೇಲೆ ಸನ್ನೆಯೂ ಪದವೂ ಒಟ್ಟಿಗೆ, ಆಮೇಲೆ ಪದ ಮಾತ್ರ. ತುಂಬಾ ಸಿಟ್ಟು ಬಂದಾಗ ಮಾತ್ರ ಅಂಗೈ ಚುಚ್ಚುವುದು ವಾಪಸ್ ಬರುತ್ತಿತ್ತು.

ಸದ್ದಿಲ್ಲದ ಓದುಗ

ಆಪ್, ವಿಡಿಯೋ ಹಾಕಿ ಕೂರಿಸಿದರೆ ಕಲಿಯಲ್ವಾ? ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಟೈಮೇ ಇಲ್ಲ.

ಸಂಶಯಪ್ರಾಣಿ

2010ರಲ್ಲಿ ಜೂಡಿ ಡಿಲೋಕ್ ತಂಡ 12ರಿಂದ 18 ತಿಂಗಳ ಮಕ್ಕಳಿಗೆ ಪದ ಕಲಿಸುವ ವಿಡಿಯೋ ಕೊಟ್ಟು ನೋಡಿತು. ತಿಂಗಳಿಡೀ ನೋಡಿದ ಮಕ್ಕಳು ನೋಡದವರಿಗಿಂತ ಜಾಸ್ತಿ ಏನೂ ಕಲಿತಿರಲಿಲ್ಲ. ವಿಡಿಯೋ ಇಲ್ಲದೆ ಅಪ್ಪ ಅಮ್ಮ ದಿನದ ಕೆಲಸದ ನಡುವೆ ಹೇಳಿಕೊಟ್ಟ ಮಕ್ಕಳು ಎಲ್ಲರಿಗಿಂತ ಜಾಸ್ತಿ ಕಲಿತಿದ್ದರು. ವಿಡಿಯೋ ಇಷ್ಟಪಟ್ಟ ಅಪ್ಪ ಅಮ್ಮಂದಿರು ಮಾತ್ರ ಮಗು ತುಂಬಾ ಕಲಿತಿದೆ ಅಂತ ನಂಬಿದ್ದರು! ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ವಿಡಿಯೋ ನೀವು ನೋಡಿ, ಸನ್ನೆ ಮಗುವಿಗೆ ನೀವೇ ಮಾಡಿ.

ಟೈಮ್ ಬಗ್ಗೆ: ಇದಕ್ಕೆ ಬೇರೆ ಟೈಮ್ ಬೇಡ. ಡಯಾಪರ್ ಹೇಗೂ ಬದಲಾಯಿಸುತ್ತೀರಿ, ಆಗಲೇ ಮಾಡಿ.

ಇನ್ನೊಂದು. 2011ರಲ್ಲಿ ಅದೇ ಹರ್ಟ್‌ಫರ್ಡ್‌ಶೈರ್‌ನವರು 178 ಅಮ್ಮಂದಿರನ್ನು ಕೇಳಿದಾಗ, ಬೇಬಿ ಸೈನ್ ಕ್ಲಾಸಿಗೆ ಹೋಗುವವರಲ್ಲೇ ಒತ್ತಡ ಜಾಸ್ತಿ ಕಂಡಿತ್ತು. ಕ್ಲಾಸಿನಿಂದ ಒತ್ತಡ ಬಂತೋ, ಒತ್ತಡ ಇದ್ದವರೇ ಕ್ಲಾಸಿಗೆ ಹೋದರೋ, ಅದು ಬೇರೆ ಪ್ರಶ್ನೆ. ಪಕ್ಕದ ಮನೆ ಮಗು 20 ಸನ್ನೆ ಮಾಡುತ್ತದೆ ಅಂತ ತಲೆ ಕೆಡಿಸಿಕೊಳ್ಳುವುದಾದರೆ ಈ ಸಹವಾಸವೇ ಬೇಡ.

ಪಾಪು ಅಮ್ಮ

ಕ್ಲಾಸು ಬೇಡ ಅಂತ ತೀರ್ಮಾನ ಆಯಿತು. ಹಾಲು, ಸಾಕು, ಮತ್ತೆ ಬೆಕ್ಕು (ಕಿಟಕಿ ಹೊರಗೆ ಬರುತ್ತದೆ, ಅವಳಿಗೆ ಪ್ರಾಣ) ಇವಿಷ್ಟರಿಂದ ಶುರು. ಕೊನೆಯ ಪ್ರಶ್ನೆ: ಯಾವ ಸನ್ನೆ ಬಳಸಲಿ? ಒಂದು ಕಡೆ ಅಮೆರಿಕದ್ದು, ಇನ್ನೊಂದು ಕಡೆ ಬೇರೆ. ನಾನೇ ಏನಾದರೂ ಮಾಡಿಕೊಂಡರೆ ತಪ್ಪಾ?

ಕೇಳುವ ಮಗಳು

ಪ್ರಪಂಚಕ್ಕೆಲ್ಲ ಒಂದೇ ಸನ್ನೆ ಭಾಷೆ ಇಲ್ಲ. ಅಮೆರಿಕ, ಬ್ರಿಟನ್ ಎರಡೂ ಕಡೆ ಇಂಗ್ಲಿಷ್ ಮಾತಾಡುತ್ತಾರೆ, ಆದರೆ ಅಲ್ಲಿನ ಕಿವುಡರ ಭಾಷೆಗಳು ಒಂದಕ್ಕೊಂದು ಅರ್ಥವಾಗುವುದಿಲ್ಲ. ಅಮೆರಿಕದ್ದಕ್ಕೆ ಹತ್ತಿರದ ನಂಟು ಫ್ರಾನ್ಸಿನ ಸನ್ನೆ ಭಾಷೆಯ ಜೊತೆ. ನೀವಿರುವ ಕಡೆ ಕಿವುಡರು ಬಳಸುವ ಸನ್ನೆ ತೆಗೆದುಕೊಳ್ಳಿ ಅನ್ನುತ್ತೇನೆ. ಮುಂದೆ ಒಬ್ಬ ಕಿವುಡ ಗೆಳತಿ ಸಿಕ್ಕರೆ ನಿಮ್ಮ ಮಗಳಿಗೆ ಬೆಕ್ಕು ಅನ್ನಲು ಬರುತ್ತದೆ, ಅಷ್ಟಾದರೂ ಆಯಿತಲ್ಲ. ಸಾಧ್ಯವಾದರೆ ಕಿವುಡ ಶಿಕ್ಷಕರಿಂದಲೇ ಕಲಿಯಿರಿ, ಫೀಸು ಅವರಿಗೆ ಹೋಗಲಿ.

ನೀವೇ ಮಾಡಿಕೊಂಡರೂ ಮಗುವಿಗೆ ನಷ್ಟ ಇಲ್ಲ. ಅವಳೇ ಒಂದು ಮಾಡಿಕೊಂಡರೆ ಅದನ್ನೇ ಇಟ್ಟುಕೊಳ್ಳಿ.

ಮಕ್ಕಳ ಸ್ಪೀಚ್ ಥೆರಪಿಸ್ಟ್

ಯಾವುದಾದರೂ ಸರಿ, ಮನೆಯವರೆಲ್ಲ ಒಂದೇ ಥರ ಮಾಡಿ. ಡೇಕೇರ್‌ಗೆ ಬಿಡುವುದಾದರೆ ಮಗಳು ಹೇಗೆ ಮಾಡುತ್ತಾಳೋ ಹಾಗೇ ಫೋನಿನಲ್ಲಿ ವಿಡಿಯೋ ತೆಗೆದು ಅವರಿಗೆ ತೋರಿಸಿ. ಪುಸ್ತಕದ ಚಿತ್ರ ಕೊಟ್ಟರೆ ಅವರು ಅವಳ 'ಸಾಕು'ವನ್ನು ಟಾಟಾ ಅಂದುಕೊಳ್ಳುತ್ತಾರೆ. ಎರಡೂ ನೋಡಲು ಒಂದೇ ಥರ ಇರುತ್ತವೆ.

ಪಾಪು ಅಮ್ಮ

ಅತ್ತೆ ಕೇಳುತ್ತಿದ್ದಾರೆ, ಬೆಕ್ಕಿಗೆ ಮೀಸೆ ಎಳೆದರೆ ನಡೆಯುತ್ತಾ?

ಕೇಳುವ ಮಗಳು

ನಡೆಯುತ್ತೆ. ಅಮೆರಿಕದಲ್ಲೂ ಮೀಸೆಯೇ ಎಳೆಯುತ್ತಾರೆ.